ರೇಂಜ್ ಇಲ್ಲದ ಊರಿನಲ್ಲಿ ದುಡ್ಡಿನ ಸಾಕ್ಷಿ

ಕಾಗದದ ನೋಟು ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ಅದನ್ನು ಪರೀಕ್ಷಿಸುವ ಹಕ್ಕೂ ಹೊಣೆಯೂ ಪಡೆಯುವವನದ್ದೇ ಆಗಿರುತ್ತದೆ. ಐನೂರರ ನೋಟನ್ನು ಬೆಳಕಿಗೆ ಹಿಡಿದರೆ ಗಾಂಧೀಜಿಯ ನೀರ್ಗುರುತು ಕಾಣಬೇಕು, ಓರೆ ಮಾಡಿದರೆ ಭದ್ರತಾ ಎಳೆಯ ಹಸಿರು ಬಣ್ಣ ನೀಲಿಗೆ ತಿರುಗಬೇಕು, ಬೆರಳಿಗೆ ಮುದ್ರಣದ ಉಬ್ಬು ತಾಗಬೇಕು. ಇಷ್ಟಕ್ಕೆ ಬ್ಯಾಂಕಿನ ನೌಕರನಾಗಲಿ ಮೊಬೈಲ್ ಟವರಾಗಲಿ ಬೇಕಾಗದ ಕಾರಣ, ಪುತ್ತೂರು ಪೇಟೆಯ ಬಟ್ಟೆಯಂಗಡಿಯಲ್ಲಿಯೂ ಸುಳ್ಯ ತಾಲೂಕಿನ ಮೂಲೆಯ ಕಲ್ಮಕಾರಿನಂಥ ಕಾಡಂಚಿನ ಊರಿನ ಗೂಡಂಗಡಿಯಲ್ಲಿಯೂ ಪರೀಕ್ಷೆಯ ಕ್ರಮ ಒಂದೇ. ಆದರೆ ಪಡೆಯುವವನಿಗೆ ಬೇಕಾದ ಉತ್ತರಗಳು ವಾಸ್ತವವಾಗಿ ಎರಡು. ನೋಟು ಅಸಲಿಯೇ ಎಂಬುದು ಮೊದಲನೆಯದು. ಕೊಟ್ಟವನ ಕೈಯಿಂದ ಅದು ನಿಜಕ್ಕೂ ಬಿಟ್ಟುಹೋಯಿತೇ, ಅದನ್ನೇ ಆತ ಪಕ್ಕದ ಅಂಗಡಿಯಲ್ಲಿಯೂ ಕೊಡಬಲ್ಲನೇ ಎಂಬುದು ಎರಡನೆಯದು. ಕಾಗದವು ಏಕಕಾಲಕ್ಕೆ ಎರಡು ಕಡೆ ಇರಲಾರದ್ದರಿಂದ ಎರಡನೆಯ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ, ಕೇಳಬೇಕೆಂದು ಹೊಳೆಯುವುದೂ ಇಲ್ಲ. ಹಣವು ಅಂಕೆಗಳ ರೂಪ ತಾಳಿದ ಮೇಲೆ ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾದವು. ಡಿಜಿಟಲ್ ಪಾವತಿಯ ಕುರಿತ ನಂಬಿಕೆ, ಅಪನಂಬಿಕೆಗಳೆಲ್ಲ ಎರಡನೆಯ ಪ್ರಶ್ನೆಗೆ ಉತ್ತರಿಸುವವರು ಯಾರು, ಎಲ್ಲಿ ಕುಳಿತು ಉತ್ತರಿಸುತ್ತಾರೆ ಎಂಬುದರ ಸುತ್ತಲೇ ಹೆಣೆದುಕೊಂಡಿವೆ.

ಪುತ್ತೂರು, ಸುಳ್ಯ ಮತ್ತು ಇವೆರಡರ ಹಲವು ಗ್ರಾಮಗಳು ಸೇರಿ ರೂಪುಗೊಂಡ ಕಡಬ ತಾಲೂಕುಗಳು ಈ ವಿಷಯವನ್ನು ಪರಿಶೀಲಿಸಲು ತಕ್ಕ ನೆಲ. ಒಂದೆಡೆ ಇದು ಅಡಿಕೆ, ರಬ್ಬರು, ಕೊಕ್ಕೋಗಳ ಮೂಲಕ ಒಳ್ಳೆಯ ಹಣ ಓಡಾಡುವ ಸೀಮೆ. ಇನ್ನೊಂದೆಡೆ ಘಟ್ಟದ ಬುಡದ ಗುಡ್ಡ ಕಣಿವೆಗಳಿಂದಾಗಿ, ಮಳೆಗಾಲದ ಸಿಡಿಲು ಮತ್ತು ಕರೆಂಟಿನ ಕಣ್ಣುಮುಚ್ಚಾಲೆಯಿಂದಾಗಿ, ಮೊಬೈಲ್ ಸಂಕೇತವು ತಿರುವಿನಿಂದ ತಿರುವಿಗೆ ಬಂದು ಹೋಗುವ ಸೀಮೆ. ‘ರೇಂಜ್ ಇಲ್ಲ’ ಎಂಬ ಮಾತು ಇಲ್ಲಿ ‘ಮಳೆ ಬರುತ್ತಿದೆ’ ಎಂಬಷ್ಟೇ ಸಹಜವಾದದ್ದು. ಕೊರೊನಾ ಕಾಲದ ಆನ್‌ಲೈನ್ ತರಗತಿಗಳಿಗಾಗಿ ಈ ಭಾಗದ ಮಕ್ಕಳು ಗುಡ್ಡದ ನೆತ್ತಿಯನ್ನೂ ರಸ್ತೆಯ ಬದಿಯನ್ನೂ ಹುಡುಕಿಕೊಂಡು ಹೋದ ಸಂಗತಿ ಆಗ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದದ್ದುಂಟು. ಅಂಥ ಊರುಗಳಲ್ಲಿಯೇ ಇಂದು ಅಂಗಡಿಯ ಕಟ್ಟೆಯ ಮೇಲೆ ಕ್ಯೂಆರ್ ಕೋಡಿನ ಫಲಕ ನಿಂತಿದೆ.

ಹಣದ ವಿಷಯದಲ್ಲಿ ಸಾಕ್ಷಿ ಯಾರೆಂಬ ಪ್ರಶ್ನೆಯನ್ನು ಈ ಸೀಮೆ ಹೊಸತಾಗಿ ಎದುರಿಸುತ್ತಿಲ್ಲ. ದಕ್ಷಿಣ ಕನ್ನಡದ ಸಹಕಾರ ಚಳವಳಿಯ ಪಿತಾಮಹರೆನಿಸಿದ ಮೊಳಹಳ್ಳಿ ಶಿವರಾಯರ ಕಾರ್ಯಕ್ಷೇತ್ರ ಪುತ್ತೂರು. ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು 1914ರಲ್ಲಿ ಹುಟ್ಟಿದ್ದು ಕೂಡ ಅಲ್ಲಿಯೇ, ಮಂಗಳೂರಿಗೆ ಹೋದದ್ದು ಆಮೇಲೆ. ಸಹಕಾರ ಸಂಘದ ಮೂಲ ತತ್ತ್ವವೆಂದರೆ ಸಾಲ ಪಡೆಯುವವನನ್ನು ಬಲ್ಲವರೇ ಅವನಿಗೆ ಜಾಮೀನು ನಿಲ್ಲುವುದು, ಹಾಗೂ ಲೆಕ್ಕದ ಪುಸ್ತಕವು ಸದಸ್ಯರ ಕಣ್ಣಿಗೆ ತೆರೆದಿರುವುದು. ಉಡುಪಿಯಲ್ಲಿ 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಸೇರಿ ಕಟ್ಟಿದ ಸಂಸ್ಥೆ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾದದ್ದು, 1928ರಲ್ಲಿ ಆರಂಭಿಸಿದ ಪಿಗ್ಮಿ ಠೇವಣಿಯು ಇನ್ನೂ ಕುತೂಹಲಕರವಾದ ಒಂದು ಏರ್ಪಾಡನ್ನು ರೂಢಿಗೆ ತಂದಿತು. ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನು ಮನೆ ಬಾಗಿಲಿಗೆ ಬಂದು ಪಡೆಯುವ ಏಜೆಂಟನು ಅದನ್ನು ಎರಡು ಕಡೆ ಬರೆಯುತ್ತಿದ್ದ: ಗ್ರಾಹಕನ ಕಾರ್ಡಿನಲ್ಲಿ ಒಮ್ಮೆ, ತನ್ನ ಪುಸ್ತಕದಲ್ಲಿ ಇನ್ನೊಮ್ಮೆ. ಬ್ಯಾಂಕು ದೂರದಲ್ಲಿದ್ದರೂ ಸಾಕ್ಷಿಯ ಒಂದು ಪ್ರತಿ ಗ್ರಾಹಕನ ಮನೆಯ ಗೋಡೆಗೂಡಿನಲ್ಲಿಯೇ ಉಳಿಯುತ್ತಿತ್ತು. ಎರಡು ಬರಹಗಳು ತಾಳೆಯಾಗದಿದ್ದರೆ ತಪ್ಪು ಎಲ್ಲಿ ನಡೆಯಿತೆಂದು ಹುಡುಕಲು ಆಧಾರವಿತ್ತು. ಇಂದಿನ ಡಿಜಿಟಲ್ ಪಾವತಿಯಲ್ಲಿ ಕಾಣೆಯಾಗಿರುವುದು ಬಹುಮಟ್ಟಿಗೆ ಈ ಗೋಡೆಗೂಡಿನ ಪ್ರತಿ.

ಸರಕಿನ ಪರೀಕ್ಷೆಯಲ್ಲಂತೂ ಈ ಊರಿನವರು ಪಳಗಿದವರು. ಬಿಸಿಲಿನಲ್ಲಿ ತಿಂಗಳಿಗೂ ಮಿಕ್ಕಿ ಒಣಗಿದ ಚಾಲಿ ಅಡಿಕೆಯನ್ನು ಸುಲಿದು ಗೋಣಿಯಲ್ಲಿ ತುಂಬಿ ತಂದಾಗ, ಕೊಳ್ಳುವವನು ಗೋಣಿಯ ಬೇರೆ ಬೇರೆ ಭಾಗಗಳಿಂದ ನಾಲ್ಕಾರು ಅಡಿಕೆಗಳನ್ನು ತೆಗೆದು, ಅಡಕತ್ತರಿಯಲ್ಲಿ ಸೀಳಿ, ಒಳಗಿನ ಬಿಳಿ ತಿರುಳಿನ ವಿನ್ಯಾಸವನ್ನು ನೋಡಿ, ಹೊಸ ಅಡಿಕೆ, ಹಳೆ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ದರ್ಜೆ ಹೇಳುತ್ತಾನೆ. ಮಾರುವವನಿಗೂ ಅದೇ ವಿದ್ಯೆ ಗೊತ್ತಿರುವುದರಿಂದ ಒಬ್ಬರನ್ನೊಬ್ಬರು ಸುಲಭವಾಗಿ ಏಮಾರಿಸಲಾರರು. ದರವನ್ನು ವ್ಯಾಪಾರಿಗಳು ಮನಬಂದಂತೆ ಇಳಿಸಿದಾಗ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರವಾಗಿ 1973ರ ಜುಲೈಯಲ್ಲಿ ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ ಹುಟ್ಟಿತು. 1986ರಲ್ಲಿ ಪುತ್ತೂರಿನ ಕೆಮ್ಮಿಂಜೆಯಲ್ಲಿ ಅದರ ಚಾಕಲೇಟ್ ಕಾರ್ಖಾನೆಯೂ ತೆರೆಯಿತು. ಗೋಣಿಗೆ ಕೈಹಾಕಿ ಅಡಿಕೆಯನ್ನು ಸೀಳಿ ನೋಡುವ ಹಕ್ಕು ಇಂದಿಗೂ ಎರಡೂ ಕಡೆಯವರಿಗಿದೆ. ಅದೇ ಗೋಣಿಯ ಬೆಲೆಯಾಗಿ ಬರುವ ಹಣವನ್ನು ಸೀಳಿ ನೋಡುವ ಉಪಾಯ ಮಾತ್ರ ಒಂದು ಕಡೆಯವರಿಗೂ ಇಲ್ಲ. 2016ರ ನವೆಂಬರ್ 8ರ ನೋಟು ರದ್ದತಿ ಮತ್ತು 2017ರ ಏಪ್ರಿಲ್ 1ರಿಂದ ಎರಡು ಲಕ್ಷ ರೂಪಾಯಿ ಹಾಗೂ ಅದಕ್ಕೆ ಮೇಲ್ಪಟ್ಟ ನಗದು ಸ್ವೀಕೃತಿಗೆ ಬಿದ್ದ ಕಾನೂನಿನ ತಡೆಯ ನಂತರ, ಅಡಿಕೆಯ ಹಣವು ಹೆಚ್ಚುಹೆಚ್ಚಾಗಿ ಖಾತೆಯಿಂದ ಖಾತೆಗೇ ಹೋಗತೊಡಗಿತು.

ಸಾಮಾನ್ಯ ಅಂಗಡಿಯ ವ್ಯವಹಾರಕ್ಕೆ ಬಂದದ್ದು ಯುಪಿಐ. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಜಾರಿಗೆ ತಂದ ಈ ವ್ಯವಸ್ಥೆಯಲ್ಲಿ 2025ರ ಆಗಸ್ಟ್ ತಿಂಗಳೊಂದರಲ್ಲಿಯೇ ಎರಡು ಸಾವಿರ ಕೋಟಿಗೂ ಹೆಚ್ಚು ಪಾವತಿಗಳು ನಡೆದವು. ಯುಪಿಐಯನ್ನು ಜನ ‘ಡಿಜಿಟಲ್ ನಗದು’ ಎಂದು ಕರೆಯುವುದುಂಟು. ಆ ಮಾತು ಸರಿಯಲ್ಲ. ನಗದಿನಂತೆ ಇಲ್ಲಿ ಯಾವ ವಸ್ತುವೂ ಕೈ ಬದಲಾಗುವುದಿಲ್ಲ. ಗ್ರಾಹಕನು ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿದಾಗ, ಆ ಆದೇಶ ಆ್ಯಪ್‌ನ ಹಿಂದಿರುವ ಬ್ಯಾಂಕಿನ ಮೂಲಕ ಪಾವತಿ ನಿಗಮದ ಕೇಂದ್ರಕ್ಕೆ ಹೋಗಿ, ಅಲ್ಲಿಂದ ಗ್ರಾಹಕನ ಬ್ಯಾಂಕಿಗೆ ಹೋಗಿ ಅವನ ಖಾತೆಯಲ್ಲಿ ಕಳೆಯಿಸಿ, ಅಂಗಡಿಯವನ ಬ್ಯಾಂಕಿಗೆ ಹೋಗಿ ಅವನ ಖಾತೆಯಲ್ಲಿ ಕೂಡಿಸಿ, ಅದೇ ಹಾದಿಯಲ್ಲಿ ‘ಆಯಿತು’ ಎಂಬ ಉತ್ತರವನ್ನು ಹಿಂದಕ್ಕೆ ತರುತ್ತದೆ. ಎರಡು ಬ್ಯಾಂಕುಗಳು ತಮ್ಮೊಳಗಿನ ಲೆಕ್ಕವನ್ನು ದಿನಕ್ಕೆ ಹಲವು ಕಂತುಗಳಲ್ಲಿ ಆಮೇಲೆ ಚುಕ್ತಾ ಮಾಡಿಕೊಳ್ಳುತ್ತವೆ. ಹೀಗಾಗಿ ಬೆಳ್ಳಾರೆಯ ಅಂಗಡಿಗೂ ಅದರ ಗಿರಾಕಿಗೂ ನಡುವಿನ ಮೂರು ಅಡಿ ಅಂತರವನ್ನು ದಾಟಲು ಹಣದ ಸುದ್ದಿಯು ದೂರದ ನಗರಗಳ ಗಣಕ ಕೇಂದ್ರಗಳನ್ನು ಸುತ್ತಿ ಬರಬೇಕಾಗುತ್ತದೆ. ನೋಟು ಅಸಲಿಯೇ, ಅದು ಮೊದಲೇ ಖರ್ಚಾಗಿದೆಯೇ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಕೊಡುವುದು ಆ ದೂರದ ಪುಸ್ತಕವೇ.

ಈ ಸುತ್ತಿನ ಯಾವುದಾದರೊಂದು ಕೊಂಡಿ ಕಳಚಿದರೆ ಕಳೆದದ್ದು ಕಳೆದಿರುತ್ತದೆ, ಕೂಡಬೇಕಾದದ್ದು ಕೂಡಿರುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯ ಪ್ರಕಾರ, ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ ಯುಪಿಐ ಹಣ ಸೇರದಿದ್ದರೆ ಮರುದಿನದೊಳಗೆ ತಾನಾಗಿ ಮರಳಬೇಕು, ವ್ಯಾಪಾರಿಗೆ ಕೊಟ್ಟದ್ದಾದರೆ ಐದು ದಿನದೊಳಗೆ. ತಡವಾದರೆ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಸಲ್ಲಬೇಕು. ನಿಯಮ ಒಳ್ಳೆಯದೇ. ಆದರೆ ಅದು ಗ್ರಾಹಕನನ್ನು ಕಾಯುತ್ತದೆ. ಕಟ್ಟೆಯ ಆಚೆ ನಿಂತು, ಅಕ್ಕಿಯ ಚೀಲವನ್ನು ಬೈಕಿಗೆ ಏರಿಸಲು ಬಿಡಬೇಕೋ ಬೇಡವೋ ಎಂದು ಆ ಕ್ಷಣದಲ್ಲಿ ತೀರ್ಮಾನಿಸಬೇಕಾದ ವ್ಯಾಪಾರಿಗೆ ಅದರಿಂದ ಆಗುವ ಸಹಾಯ ಅಷ್ಟಕ್ಕಷ್ಟೆ.

ವ್ಯಾಪಾರಿಯ ಈ ಅನಿಶ್ಚಿತತೆಯ ಮೇಲೆಯೇ ಒಂದು ವಂಚನೆಯ ವಿದ್ಯೆ ಬೆಳೆದಿದೆ. ಹಸಿರು ಟಿಕ್ ಗುರುತು, ಅಂಗಡಿಯ ಹೆಸರು, ಮೊತ್ತ, ಹನ್ನೆರಡು ಅಂಕೆಗಳ ಉಲ್ಲೇಖ ಸಂಖ್ಯೆ ಎಲ್ಲವನ್ನೂ ಅಚ್ಚುಕಟ್ಟಾಗಿ ತೋರಿಸಿ, ಹಣವನ್ನು ಮಾತ್ರ ಕಳುಹಿಸದ ನಕಲಿ ಆ್ಯಪ್‌ಗಳು ದೇಶದೆಲ್ಲೆಡೆ ಹರಿದಾಡುತ್ತಿವೆ. ಗಿರಾಕಿಯ ಪರದೆಯ ಮೇಲಿನ ಚಿತ್ರವು ಗಿರಾಕಿಯ ಮಾತಿಗಿಂತ ಹೆಚ್ಚಿನ ಸಾಕ್ಷಿಯಲ್ಲ. ಆದರೂ ಮಾತನ್ನು ಅನುಮಾನಿಸುವವರು ಚಿತ್ರವನ್ನು ಅನುಮಾನಿಸಲು ಹಿಂಜರಿಯುತ್ತಾರೆ. ಇದಕ್ಕೆ ಪರಿಹಾರವಾಗಿ ಬಂದದ್ದು ಬಂದ ಮೊತ್ತವನ್ನು ಗಟ್ಟಿಯಾಗಿ ಕೂಗಿ ಹೇಳುವ ಧ್ವನಿಪೆಟ್ಟಿಗೆ. ತನ್ನದೇ ಸಿಮ್ ಹೊಂದಿರುವ ಈ ಪೆಟ್ಟಿಗೆ ಸುದ್ದಿಯನ್ನು ಗಿರಾಕಿಯ ಫೋನಿನಿಂದಲ್ಲ, ಪಾವತಿ ಸಂಸ್ಥೆಯ ಗಣಕದಿಂದ ನೇರವಾಗಿ ಪಡೆಯುವ ಕಾರಣ ಅದರ ಸಾಕ್ಷ್ಯಕ್ಕೆ ತೂಕವಿದೆ. ‘ಕಾಸ್ ಬತ್ತ್ಂಡಾ?’ ಎಂದು ತುಳುವಿನಲ್ಲಿ ಗಿರಾಕಿ ಕೇಳಿದರೆ ಪೆಟ್ಟಿಗೆ ಗ್ರಾಂಥಿಕ ಕನ್ನಡದಲ್ಲಿ ಉತ್ತರಿಸುತ್ತದೆ. ಆದರೆ ರೇಂಜ್ ಇಲ್ಲದಲ್ಲಿ ಪೆಟ್ಟಿಗೆಯೂ ಮೂಕ. ಕರೆಂಟು ಹೋಗಿ ಟವರು ಸುಮ್ಮನಾದ ಮೇಲೆ ಕೂಗಲು ಅದರ ಬಳಿ ಸುದ್ದಿಯೇ ಇರುವುದಿಲ್ಲ. ಆಗ ಒಳಗಿನ ಗ್ರಾಮಗಳ ಅಂಗಡಿಗಳಲ್ಲಿ ನಡೆಯುವುದು ಹಳೆಯ ಕ್ರಮವೇ: ಪರಿಚಿತರಾದರೆ ‘ಮತ್ತೆ ಹಾಕಿ’ ಎಂದು ಕಳುಹಿಸುವುದು, ಅಪರಿಚಿತರಾದರೆ ಅಂಗಡಿಯ ವೈಫೈಯ ಗುಟ್ಟಿನ ಪದವನ್ನು ಹೇಳಿಕೊಡುವುದು, ಎರಡೂ ಆಗದಿದ್ದರೆ ನೋಟು ಕೇಳುವುದು.

ನೋಟಿನ ಗುಣವುಳ್ಳ, ಅಂದರೆ ತನ್ನ ಅಸಲಿತನದ ಸಾಕ್ಷಿಯನ್ನು ತನ್ನೊಳಗೇ ಹೊತ್ತು ತಿರುಗುವ ಅಂಕೀಯ ಹಣ ಸಾಧ್ಯವೇ ಎಂಬ ಪ್ರಶ್ನೆಗೆ ಮೊದಲ ಗಟ್ಟಿ ಉತ್ತರ ಕೊಟ್ಟವನು ಅಮೆರಿಕದ ಗಣಕ ವಿಜ್ಞಾನಿ ಡೇವಿಡ್ ಚೌಮ್. 1982ರಲ್ಲಿ ಆತ ಮಂಡಿಸಿದ ‘ಕುರುಡು ಸಹಿ’ಯ ಕಲ್ಪನೆಯೇ ಇ-ಕ್ಯಾಶ್ ಎಂದು ಹೆಸರಾದ ಹಣದ ತಳಹದಿ. ಬ್ಯಾಂಕು ಒಂದು ನೋಟಿಗೆ ಸಹಿ ಹಾಕಬೇಕು, ಆದರೆ ಯಾವ ನೋಟಿಗೆ ಸಹಿ ಹಾಕಿದೆನೆಂದು ಅದಕ್ಕೆ ತಿಳಿಯಬಾರದು. ಹಾಗಾದಾಗ ಮಾತ್ರ ಆ ನೋಟು ಮುಂದೆ ಎಲ್ಲಿ ಖರ್ಚಾದರೂ ಮೊದಲು ಪಡೆದವರು ಯಾರೆಂದು ಬ್ಯಾಂಕು ಪತ್ತೆಹಚ್ಚಲಾರದು. ಒಳಗೆ ಕಾರ್ಬನ್ ಹಾಳೆ ಅಂಟಿಸಿದ ಲಕೋಟೆಯಲ್ಲಿ ಚೀಟಿಯನ್ನಿಟ್ಟು ಮುಚ್ಚಿ, ಲಕೋಟೆಯ ಮೇಲೆ ಸಹಿ ಮಾಡಿಸಿಕೊಂಡು, ಆಮೇಲೆ ಲಕೋಟೆಯನ್ನು ಹರಿದರೆ ಚೀಟಿಯ ಮೇಲೆ ಸಹಿ ಮೂಡಿರುತ್ತದೆ. ಸಹಿ ಮಾಡಿದವರು ಚೀಟಿಯನ್ನು ಕಂಡಿರುವುದಿಲ್ಲ. ಚೌಮ್‌ನೇ ಕೊಟ್ಟ ಹೋಲಿಕೆ ಇದು. ಮಾಯದಂತೆ ತೋರುವ ಇದರ ಹಿಂದಿರುವುದು ಹೈಸ್ಕೂಲು ಮಟ್ಟದ ಗುಣಾಕಾರ, ಭಾಗಾಕಾರ. ಸಣ್ಣ ಅಂಕೆಗಳಲ್ಲಿ ಅದನ್ನು ಮಾಡಿ ನೋಡಬಹುದು.

ಬ್ಯಾಂಕು 33 ಎಂಬ ಸಂಖ್ಯೆಯನ್ನೂ 3 ಎಂಬ ಘಾತವನ್ನೂ ಎಲ್ಲರಿಗೂ ಸಾರಿ, 7 ಎಂಬ ಇನ್ನೊಂದು ಘಾತವನ್ನು ಗುಟ್ಟಾಗಿ ಇಟ್ಟುಕೊಂಡಿದೆ ಎಂದಿಟ್ಟುಕೊಳ್ಳಬೇಕು. ಯಾವುದೇ ಸಂಖ್ಯೆಯ ಏಳನೆಯ ಘಾತವನ್ನು 33ರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಸಂಖ್ಯೆಗೆ ಬ್ಯಾಂಕಿನ ಸಹಿ. ಆ ಸಹಿಯ ಮೂರನೆಯ ಘಾತವನ್ನು 33ರಿಂದ ಭಾಗಿಸಿದರೆ ಮೂಲ ಸಂಖ್ಯೆಯೇ ಶೇಷವಾಗಿ ಮರಳುತ್ತದೆ. ಗ್ರಾಹಕನು ತನ್ನ ನೋಟಿಗೆ 5 ಎಂಬ ಕ್ರಮಸಂಖ್ಯೆಯನ್ನು ಆರಿಸಿಕೊಂಡು, ಅದನ್ನು ಮರೆಮಾಚಲು 2 ಎಂಬ ಗುಪ್ತ ಸಂಖ್ಯೆಯನ್ನು ಬಳಸುತ್ತಾನೆ: 2ರ ಮೂರನೆಯ ಘಾತ 8, ಐದೆಂಟಲೆ 40, ಅದನ್ನು 33ರಿಂದ ಭಾಗಿಸಿದ ಶೇಷ 7. ಬ್ಯಾಂಕಿನ ಕಣ್ಣಿಗೆ ಬೀಳುವುದು ಈ 7 ಮಾತ್ರ, ಅದು ಬ್ಯಾಂಕಿನ ಗುಪ್ತ ಘಾತದೊಂದಿಗೆ ಹೊಂದಿಕೆಯಾದದ್ದು ಕೇವಲ ಕಾಕತಾಳೀಯ. ಬ್ಯಾಂಕು ಗ್ರಾಹಕನ ಖಾತೆಯಿಂದ ಹಣವನ್ನು ಕಳೆದು, 7ರ ಏಳನೆಯ ಘಾತವಾದ 8,23,543ನ್ನು 33ರಿಂದ ಭಾಗಿಸಿ, ಶೇಷವಾದ 28ನ್ನು ಸಹಿಯಾಗಿ ಮರಳಿಸುತ್ತದೆ. ಗ್ರಾಹಕನು ಅದನ್ನು ತನ್ನ ಗುಪ್ತ 2ರಿಂದ ಭಾಗಿಸಿದಾಗ ಸಿಗುವ 14, ಬ್ಯಾಂಕು ಎಂದೂ ನೋಡದ 5 ಎಂಬ ಕ್ರಮಸಂಖ್ಯೆಗೆ ಬ್ಯಾಂಕಿನದೇ ಅಸಲಿ ಸಹಿ. ಅಂಗಡಿಯವನು 5 ಮತ್ತು 14 ಎಂಬ ಜೋಡಿಯನ್ನು ಪಡೆದು, 14ರ ಮೂರನೆಯ ಘಾತವಾದ 2,744ನ್ನು 33ರಿಂದ ಭಾಗಿಸಿ ನೋಡಿದರೆ ಉಳಿಯುವುದು 5, ನೋಟು ಅಸಲಿ. ನಿಜವಾದ ವ್ಯವಸ್ಥೆಯಲ್ಲಿ 33ರ ಜಾಗದಲ್ಲಿ ನೂರಾರು ಅಂಕೆಗಳ ಸಂಖ್ಯೆ ಇರುವುದರಿಂದ ಗುಪ್ತ ಘಾತವನ್ನು ಊಹಿಸಿ ಕಳ್ಳನೋಟು ಮಾಡುವುದು ಆಗದ ಮಾತು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ, ಇ-ಕ್ಯಾಶ್ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಅದನ್ನು ಹಾಯ್ದು ಹೋಗುತ್ತಾರೆ. ಅಂಗಡಿಯವನು ಮಾಡಿದ ಆ ಕೊನೆಯ ಲೆಕ್ಕಕ್ಕೆ ರೇಂಜ್ ಬೇಕಿಲ್ಲ. ಬ್ಯಾಂಕು ಸಾರಿದ ಎರಡು ಸಂಖ್ಯೆಗಳು ಫೋನಿನಲ್ಲಿದ್ದರೆ ಕೊಲ್ಲಮೊಗ್ರಿನ ಮಳೆಗಾಲದ ಸಂಜೆಯಲ್ಲಿಯೂ, ಕರೆಂಟು, ಟವರು ಎರಡೂ ಇಲ್ಲದಿರುವಾಗಲೂ, ಕಾಗದದ ನೋಟನ್ನು ಬೆಳಕಿಗೆ ಹಿಡಿದಷ್ಟೇ ಸ್ವತಂತ್ರವಾಗಿ ಅದನ್ನು ಮಾಡಬಹುದು. ಮೊದಲನೆಯ ಪ್ರಶ್ನೆ ಹೀಗೆ ಅಂಗಡಿಯ ಕಟ್ಟೆಯ ಮೇಲೆಯೇ ತೀರಿಹೋಗುತ್ತದೆ. ಎರಡನೆಯದು ತೀರುವುದಿಲ್ಲ, 5 ಮತ್ತು 14 ಎಂಬ ಜೋಡಿಯನ್ನು ನಕಲು ಮಾಡಿ ಹತ್ತು ಅಂಗಡಿಗಳಲ್ಲಿ ಕೊಟ್ಟರೆ ಹತ್ತು ಕಡೆಯೂ ಲೆಕ್ಕ ಸರಿಯಾಗಿಯೇ ಬರುತ್ತದೆ. ಒಂದೇ ನೋಟನ್ನು ಎರಡು ಸಲ ಖರ್ಚು ಮಾಡುವ ಈ ಮೋಸವನ್ನು ಇಮ್ಮಡಿ ಖರ್ಚು ಎನ್ನಬಹುದು. ಚೌಮ್‌ನ ಮೊದಲ ವ್ಯವಸ್ಥೆಯಲ್ಲಿ ಇದಕ್ಕಿದ್ದ ಪರಿಹಾರ ಸರಳ: ಖರ್ಚಾದ ಕ್ರಮಸಂಖ್ಯೆಗಳ ಪಟ್ಟಿಯನ್ನು ಬ್ಯಾಂಕು ಇಟ್ಟುಕೊಳ್ಳುವುದು, ಅಂಗಡಿಯವನು ಪ್ರತಿ ನೋಟನ್ನೂ ಆ ಪಟ್ಟಿಯೊಂದಿಗೆ ತಾಳೆ ನೋಡಿದ ಮೇಲೆಯೇ ಸರಕು ಕೊಡುವುದು. ಅಂದರೆ ಮತ್ತೆ ದೂರದ ಪುಸ್ತಕ, ಮತ್ತೆ ರೇಂಜ್.

ಪಟ್ಟಿಯ ಹಂಗಿಲ್ಲದ ದಾರಿಯೊಂದನ್ನು 1988ರಲ್ಲಿ ಚೌಮ್, ಅಮೋಸ್ ಫಿಯಾಟ್ ಮತ್ತು ಮೋನಿ ನಾವೋರ್ ಸೇರಿ ಮುಂದಿಟ್ಟರು. ಅವರ ನೋಟಿನಲ್ಲಿ ಗ್ರಾಹಕನ ಗುರುತನ್ನು ಹಲವು ಸಲ ಎರಡೆರಡು ತುಂಡುಗಳಾಗಿ ಸೀಳಿ ಅಡಗಿಸಿಟ್ಟಿರುತ್ತದೆ. ಒಂದು ತುಂಡು ಒಂಟಿಯಾಗಿದ್ದರೆ ಅರ್ಥವಿಲ್ಲದ ಅಂಕೆಗಳ ರಾಶಿ, ಜೊತೆಯ ತುಂಡು ಸಿಕ್ಕರೆ ಹೆಸರು ಹೊರಬೀಳುತ್ತದೆ. ಪಾವತಿಯ ಹೊತ್ತಿಗೆ ಅಂಗಡಿಯ ಯಂತ್ರವು ಪ್ರತಿ ಜೋಡಿಯಿಂದ ಎಡದ್ದೋ ಬಲದ್ದೋ ಒಂದನ್ನು ಯಾದೃಚ್ಛಿಕವಾಗಿ ಕೇಳಿ ತೆಗೆದುಕೊಳ್ಳುತ್ತದೆ. ಒಂದೇ ಸಲ ಖರ್ಚು ಮಾಡಿದ ಸಾಚಾ ಗ್ರಾಹಕನ ಹೆಸರು ಎಂದಿಗೂ ಬಯಲಾಗದು. ಎರಡನೆಯ ಅಂಗಡಿಯಲ್ಲಿ ಅದೇ ನೋಟನ್ನು ಕೊಟ್ಟವನ ಮಟ್ಟಿಗೆ, ಒಂದಲ್ಲ ಒಂದು ಜೋಡಿಯಲ್ಲಿ ಇಲ್ಲಿ ಎಡವೂ ಅಲ್ಲಿ ಬಲವೂ ಕೇಳಿರುವ ಸಂಭವ ಖಚಿತವೆಂಬಷ್ಟಿರುವುದರಿಂದ, ಎರಡು ಅಂಗಡಿಗಳ ನೋಟುಗಳು ಬ್ಯಾಂಕಿಗೆ ಬಂದು ಸೇರಿದ ದಿನ ಅವನ ಹೆಸರು ತಾನಾಗಿ ಮೂಡುತ್ತದೆ. ಮೋಸವನ್ನು ಇದು ತಡೆಯುವುದಿಲ್ಲ, ಮೋಸಗಾರನನ್ನು ಆಮೇಲೆ ತೋರಿಸಿಕೊಡುತ್ತದೆ ಅಷ್ಟೆ.

ಗಣಿತದ ಈ ಸೊಬಗಿನ ಉಪಾಯಕ್ಕೂ ಅಂಗಡಿಯವನ ‘ಮತ್ತೆ ಹಾಕಿ’ಗೂ ಸ್ವಭಾವದಲ್ಲಿ ವ್ಯತ್ಯಾಸ ಹೆಚ್ಚಿಲ್ಲ. ಎರಡೂ ನಿಂತಿರುವುದು ತಪ್ಪಿದವರನ್ನು ನಾಳೆ ಹಿಡಿಯಬಹುದೆಂಬ ಭರವಸೆಯ ಮೇಲೆ. ಮಂಡೆಕೋಲಿನಲ್ಲಿಯೋ ಆಲಂಕಾರಿನಲ್ಲಿಯೋ, ಗಿರಾಕಿಯ ಅಜ್ಜನ ಮನೆ ಯಾವುದೆಂದು ಅಂಗಡಿಯವನಿಗೆ ಗೊತ್ತಿರುವಲ್ಲಿ ಆ ಭರವಸೆಗೆ ಬೆಲೆಯಿದೆ. ಅದೇ ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಚಂಪಾಷಷ್ಠಿಯ ದಿನ ಹಣ್ಣುಕಾಯಿ ಮಾರುವವನ ಎದುರು ನಿಲ್ಲುವ ಸಾವಿರಾರು ಮುಖಗಳಲ್ಲಿ ಒಂದನ್ನೂ ಅವನು ಮತ್ತೆ ನೋಡುವುದು ಅನುಮಾನ. ಜನಸಂದಣಿಯಿಂದ ಟವರು ಬಳಲಿ ಪಾವತಿಗಳು ಸಿಕ್ಕಿಹಾಕಿಕೊಳ್ಳುವುದೂ ಅಂಥ ದಿನವೇ. ಮೋಸಗಾರನ ಹೆಸರು ಬ್ಯಾಂಕಿನ ಗಣಕದಲ್ಲಿ ಮೂಡುವ ಹೊತ್ತಿಗೆ ಅವನ ಬಸ್ಸು ಶಿರಾಡಿ ಘಾಟಿ ಹತ್ತಿ ಸಕಲೇಶಪುರ ದಾಟಿರುತ್ತದೆ. ಹತ್ತು ರೂಪಾಯಿಯ ನಷ್ಟಕ್ಕೆ ದೂರು ಕೊಡುವವರೂ ಇಲ್ಲ, ಹುಡುಕಿಕೊಂಡು ಹೋಗುವವರೂ ಇಲ್ಲ.

ಚೌಮ್ ಆಮ್‌ಸ್ಟರ್‌ಡಾಮಿನಲ್ಲಿ ಕಟ್ಟಿದ ಡಿಜಿಕ್ಯಾಶ್ ಕಂಪನಿ ಈ ತತ್ತ್ವಗಳನ್ನು ಮಾರುಕಟ್ಟೆಗೆ ತಂದಿತು. 1995ರಲ್ಲಿ ಅಮೆರಿಕದ ಸೇಂಟ್ ಲೂಯಿಸ್ ನಗರದ ಮಾರ್ಕ್ ಟ್ವೇನ್ ಬ್ಯಾಂಕು ಅದರ ಇ-ಕ್ಯಾಶ್ ಅನ್ನು ವಿತರಿಸತೊಡಗಿತು. ಬಳಸುವವರೂ ಪಡೆಯುವವರೂ ಸಾಕಷ್ಟು ಸಿಗದೆ 1998ರಲ್ಲಿ ಕಂಪನಿ ದಿವಾಳಿಯಾಯಿತು. ಅದರ ನಂತರದ ಪ್ರಯತ್ನಗಳ ಕಥೆ ದೊಡ್ಡದು, ಇಲ್ಲಿ ಅದು ಬೇಕಿಲ್ಲ. ಭಾರತದ ಓದುಗರಿಗೆ ನೇರವಾಗಿ ಸಂಬಂಧಿಸಿದ್ದು ರಿಸರ್ವ್ ಬ್ಯಾಂಕಿನ ಇ-ರುಪಾಯಿ. 2022ರ ಡಿಸೆಂಬರ್ 1ರಂದು ಮುಂಬೈ, ದೆಹಲಿ, ಬೆಂಗಳೂರು, ಭುವನೇಶ್ವರಗಳಲ್ಲಿ ಪ್ರಾಯೋಗಿಕವಾಗಿ ಜನಸಾಮಾನ್ಯರ ಬಳಕೆಗೆ ಬಂದ ಇದು ಖಾತೆಯಲ್ಲಿನ ಬಾಕಿಯಲ್ಲ. ಕಾಗದದ ನೋಟು, ನಾಣ್ಯಗಳಂತೆಯೇ ನಿರ್ದಿಷ್ಟ ಮುಖಬೆಲೆಗಳಲ್ಲಿ ಹೊರಡುವ, ಬಡ್ಡಿ ಹುಟ್ಟದ, ರಿಸರ್ವ್ ಬ್ಯಾಂಕೇ ನೇರ ಹೊಣೆ ಹೊತ್ತ ಅಂಕೀಯ ಹಣ. ವಾಣಿಜ್ಯ ಬ್ಯಾಂಕುಗಳು ಅದನ್ನು ಫೋನಿನ ಪರ್ಸಿನ ಮೂಲಕ ಹಂಚುತ್ತವೆ. 2025ರ ಮಾರ್ಚ್ ಅಂತ್ಯದಲ್ಲಿ ಚಲಾವಣೆಯಲ್ಲಿದ್ದ ಇ-ರುಪಾಯಿಯ ಮೊತ್ತ ಸುಮಾರು 1,016 ಕೋಟಿ. ಲಕ್ಷಾಂತರ ಕೋಟಿಗಳ ಕಾಗದದ ನೋಟುಗಳ ಎದುರು ಇದು ಕಡಲಿಗೆ ಬಿದ್ದ ಹನಿ.

ಯುಪಿಐ ಇರುವಾಗ ಇದೊಂದು ಯಾಕೆ ಎಂದು ಕೇಳುವವರು ಬಹಳ. ಅದಕ್ಕೆ ಒಂದು ಉತ್ತರವನ್ನು ಕರ್ನಾಟಕವೇ 2025ರ ಜುಲೈಯಲ್ಲಿ ಕಂಡಿತು. ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಮೂಲಕ ಬಂದ ಹಣದ ಮಾಹಿತಿಯನ್ನು ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳುಹಿಸಿದಾಗ, ಬೆಂಗಳೂರಿನ ಹಲವು ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕೆಳಗಿಳಿದು ‘ನಗದು ಮಾತ್ರ’ ಎಂಬ ಚೀಟಿ ಮೇಲೇರಿತು. ನೋಟಿಸು ಸರಿಯೋ ತಪ್ಪೋ ಎಂಬ ವಾದ ಹಾಗಿರಲಿ. ಪಾವತಿಗೆ ಸಾಕ್ಷಿಯಾಗಿದ್ದ ಪುಸ್ತಕವು ಬೇಕೆಂದಾಗ ಬೇರೆ ಕೆಲಸಕ್ಕೂ ಸಾಕ್ಷಿ ಹೇಳುತ್ತದೆಂಬುದು ವ್ಯಾಪಾರಿಗಳಿಗೆ ಮನವರಿಕೆಯಾದದ್ದು ಆಗ. ಚೌಮ್ 1982ರಲ್ಲಿಯೇ ಅಂಜಿದ್ದು ಇದಕ್ಕೆ. ಸಣ್ಣ ಮೊತ್ತದ ಇ-ರುಪಾಯಿ ವ್ಯವಹಾರಗಳಿಗೆ ನಗದಿನಂಥ ಗುಟ್ಟು ಇರಬೇಕೆಂಬುದು ರಿಸರ್ವ್ ಬ್ಯಾಂಕಿನ ಆಶಯವೂ ಹೌದು. ಆದರೆ ಕುರುಡು ಸಹಿಯಲ್ಲಿ ಗುಟ್ಟನ್ನು ಕಾಯುವುದು ಗಣಿತ, ಗ್ರಾಹಕನೇ ಅದನ್ನು ಪರಿಶೀಲಿಸಿಕೊಳ್ಳಬಹುದು. ಆಶಯ ಮತ್ತು ನಿಯಮಗಳು ಕಾಯುವ ಗುಟ್ಟನ್ನು ಹಾಗೆ ಪರಿಶೀಲಿಸಲಾಗದು, ನಂಬಬೇಕಷ್ಟೆ. ಈ ಭೇದವನ್ನು ಮುಚ್ಚಿಟ್ಟು ಎರಡನ್ನೂ ‘ಡಿಜಿಟಲ್ ನಗದು’ ಎಂದು ಒಂದೇ ತಕ್ಕಡಿಗೆ ಹಾಕುವುದು ಓದುಗರಿಗೆ ಮಾಡುವ ಅನ್ಯಾಯ.

ಇನ್ನೊಂದು ಉತ್ತರ ಘಟ್ಟದ ಬುಡದ ಊರುಗಳಿಗೆ ಹೆಚ್ಚು ಹತ್ತಿರದ್ದು. ಇಂಟರ್‌ನೆಟ್ ದುರ್ಬಲವಾಗಿರುವಲ್ಲಿ, ಗುಡ್ಡಗಾಡು ಪ್ರದೇಶಗಳನ್ನೂ ಸೇರಿಸಿ, ಇ-ರುಪಾಯಿಯ ಆಫ್‌ಲೈನ್ ಪಾವತಿಯನ್ನು ಪರೀಕ್ಷಿಸುವುದಾಗಿ ರಿಸರ್ವ್ ಬ್ಯಾಂಕ್ 2024ರ ಫೆಬ್ರವರಿಯಲ್ಲಿ ಪ್ರಕಟಿಸಿತು. ಯುಪಿಐ ಕೂಡ ಇದೇ ದಿಕ್ಕಿನಲ್ಲಿ ಹೆಜ್ಜೆಯಿಟ್ಟಿದೆ: ಫೋನಿನಲ್ಲಿಯೇ ಸಣ್ಣ ಮೊತ್ತವನ್ನು ಮುಂಗಡವಾಗಿ ತುಂಬಿಟ್ಟುಕೊಳ್ಳುವ ಯುಪಿಐ ಲೈಟ್ 2022ರಲ್ಲಿ, ಎರಡು ಫೋನುಗಳನ್ನು ಹತ್ತಿರ ತಂದು ರೇಂಜ್ ಇಲ್ಲದೆಯೂ ಹಣ ದಾಟಿಸುವ ಲೈಟ್ ಎಕ್ಸ್ 2023ರಲ್ಲಿ ಬಂದವು. ಎಲ್ಲ ಆಫ್‌ಲೈನ್ ಉಪಾಯಗಳಿಗೂ ಎರಡನೆಯ ಪ್ರಶ್ನೆ ಮಾತ್ರ ತಪ್ಪಿದ್ದಲ್ಲ. ಪಟ್ಟಿಯನ್ನು ನೋಡಲಾಗದಿದ್ದರೆ ನಕಲು ಮಾಡುವುದನ್ನೇ ಅಸಾಧ್ಯವಾಗಿಸಬೇಕು. ಅದಕ್ಕಾಗಿ ಸಾಮಾನ್ಯವಾಗಿ ಫೋನು ಅಥವಾ ಕಾರ್ಡಿನೊಳಗೆ ಬಿಚ್ಚಿ ನೋಡಲಾಗದ, ತಿದ್ದಲಾಗದ ಒಂದು ಭದ್ರ ಚಿಪ್ಪು ಇರುತ್ತದೆ. ನೂರು ರೂಪಾಯಿ ಕೊಟ್ಟೊಡನೆ ತನ್ನಲ್ಲಿ ನೂರು ಕಡಿಮೆಯಾಯಿತೆಂದು ಅದು ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತದೆಂಬ ನಂಬಿಕೆಯ ಮೇಲೆ ಆ ವ್ಯವಹಾರ ನಡೆಯುತ್ತದೆ. ಬ್ಯಾಂಕಿನ ಪುಸ್ತಕದ ಮೇಲಿದ್ದ ನಂಬಿಕೆ ಚಿಪ್ಪು ಮಾಡಿದವನ ಕೈಚಳಕಕ್ಕೆ ವರ್ಗವಾಯಿತು. ಗಿರಾಕಿಯ ಕಿಸೆಯಲ್ಲಿಯೇ ಕುಳಿತು ಗಿರಾಕಿಯ ವಿರುದ್ಧ ಸಾಕ್ಷಿ ಹೇಳಬೇಕಾದ ವಿಚಿತ್ರ ಕೆಲಸ ಆ ಚಿಪ್ಪಿನದು.

ಚಿಪ್ಪನ್ನು ಯಾರಾದರೂ ಒಂದು ದಿನ ಮುರಿಯಬಹುದೆಂಬ ಅಳುಕು ರಿಸರ್ವ್ ಬ್ಯಾಂಕಿಗೂ ಇದೆ, ಮೊತ್ತದ ಮಿತಿಗಳನ್ನು ನೋಡಿದರೆ ಅದು ತಿಳಿಯುತ್ತದೆ. 2022ರ ಜನವರಿಯ ಆಫ್‌ಲೈನ್ ಪಾವತಿ ಚೌಕಟ್ಟಿನಲ್ಲಿ ಒಂದು ಸಲಕ್ಕೆ 200 ರೂಪಾಯಿ, ಒಟ್ಟು 2,000 ರೂಪಾಯಿ ಎಂಬ ಮಿತಿಯಿತ್ತು. 2023ರಲ್ಲಿ ಒಂದು ಸಲದ ಮಿತಿ 500ಕ್ಕೆ ಏರಿತು. 2024ರ ಡಿಸೆಂಬರಿನಲ್ಲಿ ಯುಪಿಐ ಲೈಟ್‌ಗೆ ಒಂದು ಸಲಕ್ಕೆ 1,000, ಒಟ್ಟು 5,000 ಎಂದಾಯಿತು. ನಷ್ಟವಾದರೂ ಸಣ್ಣದಾಗಿರಲಿ ಎಂಬ ಲೆಕ್ಕಾಚಾರ ಇದರಲ್ಲಿದೆ, ಉದ್ರಿ ಕೊಡುವ ಅಂಗಡಿಯವನು ಪ್ರತಿಯೊಬ್ಬ ಗಿರಾಕಿಗೂ ಮನಸ್ಸಿನಲ್ಲಿಯೇ ಒಂದು ಗೆರೆ ಎಳೆದುಕೊಂಡಿರುವಂತೆ. ಇತ್ತೀಚಿನ ವರ್ಷಗಳಲ್ಲಿ ಚಾಲಿ ಅಡಿಕೆಯ ದರ ಕಿಲೋವೊಂದಕ್ಕೆ ನಾನೂರು, ಐನೂರರ ಆಸುಪಾಸಿನಲ್ಲಿ ಓಡಾಡಿರುವುದರಿಂದ ಸಾವಿರ ರೂಪಾಯಿಯೆಂದರೆ ಎರಡು, ಎರಡೂವರೆ ಕಿಲೋ ಅಡಿಕೆ.

ಎರಡು ಕಿಲೋ ಅಡಿಕೆಯನ್ನು ತೊಟ್ಟೆಯಲ್ಲಿ ತಂದು ಅಂಗಡಿಗೆ ಹಾಕಿ, ಬಂದ ದುಡ್ಡಿನಲ್ಲಿ ವಾರದ ಸಾಮಾನು ಒಯ್ಯುವ ವಾಡಿಕೆ ಈ ಮೂರೂ ತಾಲೂಕುಗಳ ಒಳ ಗ್ರಾಮಗಳಲ್ಲಿ ಈಗಲೂ ಉಂಟು. ಆ ವ್ಯವಹಾರದಲ್ಲಿ ಹಣ ಕೊಡುವವನು ಅಂಗಡಿಯವನು, ಪಡೆದದ್ದು ಹೌದೇ ಎಂದು ನೋಡಬೇಕಾದವನು ಅಡಿಕೆ ತಂದವನು. ಅವನ ಬಳಿ ಕೂಗುವ ಪೆಟ್ಟಿಗೆ ಇಲ್ಲ, ಎಷ್ಟೋ ಸಲ ಕೈಯಲ್ಲಿರುವುದು ಗುಂಡಿಯೊತ್ತುವ ಹಳೆಯ ಫೋನು. ಅಂಗಡಿಯವನು ತೊಟ್ಟೆಯಿಂದ ಒಂದು ಅಡಿಕೆಯನ್ನು ಎತ್ತಿ, ಅಡಕತ್ತರಿಯಲ್ಲಿ ಎರಡಾಗಿಸಿ, ಇಬ್ಬರ ಕಣ್ಣಿಗೂ ಕಾಣುವಂತೆ ಕಟ್ಟೆಯ ಮೇಲೆ ಇಡುತ್ತಾನೆ. ಹಣವು ಖಾತೆಗೆ ಬಿದ್ದಿದೆಯೆಂಬ ಸಂದೇಶವನ್ನು ಅಡಿಕೆ ತಂದವನು ನೋಡುವುದು ಮನೆಯ ದಾರಿಯಲ್ಲಿ, ಗುಡ್ಡದ ಮೇಲಿನ ತಿರುವಿನಲ್ಲಿ ರೇಂಜ್ ಸಿಕ್ಕಾಗ.